ಗುಮಾಸ್ತರ ಕೆಂಪು ತಗಡು

ಮಂಜುಗಡ್ಡೆ ಕಾರ್ಖಾನೆಯ ಗುಮಾಸ್ತರಿಗೆ ಐವತ್ತೆರಡು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವರು ದುಡುಕಿ ಮಾಡಿದ ಕೆಲಸ ಒಂದೂ ಇರಲಿಲ್ಲ. ಒಂದು ಜೊತೆ ಚಪ್ಪಲಿ ಬೇಕೆಂದರೆ ಮೂರು ಅಂಗಡಿ ಹತ್ತಿ ಇಳಿದು, ಈ ವಾರ ಎಡಗಾಲಿಗೆ ಹಾಕಿ ನೋಡಿ, ಬಲಗಾಲನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳುವ ಮನುಷ್ಯ. ಅಂಥವರ ತಲೆಯ ಮೇಲಿನ ಚಾವಣಿ ಸೋರತೊಡಗಿದರೆ ಅದು ಚಾವಣಿಯ ಅವಸರವೇ ಹೊರತು ಅವರ ತಪ್ಪಲ್ಲ.

ಮನೆಯಿದ್ದದ್ದು ಕಡಲ ದಂಡೆಯ ದಿಬ್ಬದ ನೆತ್ತಿಯಲ್ಲಿ. ವರ್ಷಕ್ಕೆ ಐದು ತಿಂಗಳು ಮಳೆ, ಉಳಿದ ಏಳು ತಿಂಗಳು ಉಪ್ಪುಗಾಳಿ. ಮಳೆ ತಿಂದು ಬಿಟ್ಟದ್ದನ್ನು ಗಾಳಿ ತಿಂದು, ಗಾಳಿ ಬಿಟ್ಟದ್ದನ್ನು ಮಳೆ ತಿಂದು, ಹಳೆಯ ತಗಡು ಜರಡಿಯಾಗಿತ್ತು. ಲೆಕ್ಕ ಹಾಕಿ ಹನ್ನೊಂದು ಕಡೆ ಸೋರುತ್ತಿತ್ತು. ಗುಮಾಸ್ತರ ಹೆಂಡತಿ ಮಳೆಗಾಲದಲ್ಲಿ ಅಡುಗೆಮನೆಯಿಂದ ಪಡಸಾಲೆಗೆ ಕಣ್ಣು ಮುಚ್ಚಿಕೊಂಡು ಬರಬಲ್ಲವಳಾಗಿದ್ದಳು. ಎರಡು ಹೆಜ್ಜೆ ನೇರ, ಒಂದು ಎಡಕ್ಕೆ, ಆಮೇಲೆ ಒಂದು ದೊಡ್ಡ ದಾಟು. ಮನೆಗೆ ಬಂದ ನೆಂಟರಿಗೂ ಅದನ್ನು ಕಲಿಸಿದ್ದಳು.

“ರೀ, ಚಾವಣಿ” ಎಂದು ಅವಳು ಹೇಳುವುದು, “ಹೂಂ, ನೋಡೋಣ” ಎಂದು ಇವರು ಹೇಳುವುದು, ಹೀಗೆ ಮೂರು ಮಳೆಗಾಲ ಕಳೆಯಿತು. ಮೂರನೆಯ ಮಳೆಗಾಲದ ಕೊನೆಯಲ್ಲಿ ಒಂದು ದಿನ ಅವಳು ಯಾರದೋ ಬಿಳಿ ಅಂಗಿ ಹೊಲಿಯುತ್ತ ಕೂತಿದ್ದಾಗ ತುಕ್ಕಿನ ಹನಿಯೊಂದು ಬಂದು ಸರಿಯಾಗಿ ಜೇಬಿನ ಮೇಲೆ ಬಿತ್ತು. ಹೊಲಿಗೆ ಯಂತ್ರದ ಮುಚ್ಚಳ ಹಾಕಿದಳು, ತಳ್ಳುಗಾಡಿಯವನನ್ನು ಕೂಗಿದಳು, ಯಂತ್ರವನ್ನು ಗಾಡಿಯ ಮೇಲಿಡಿಸಿದಳು. ನಾಲ್ಕು ಮನೆ ಆಚೆ ಅವಳ ಅಣ್ಣನ ಮನೆ. ಹೊಸ್ತಿಲಲ್ಲಿ ನಿಂತು ಗಂಡನ ಕಡೆ ತಿರುಗಿದಳು.

“ಇಪ್ಪತ್ತಾರು ವರ್ಷದಲ್ಲಿ ಈ ಮನೆಗೆ ಬಂದಿದ್ದೆಲ್ಲಾ ನಿಮ್ಮ ಆಯ್ಕೆ. ಬೀರು ಬೂದಿ ಬಣ್ಣ, ಪರದೆ ಬೂದಿ ಬಣ್ಣ, ಹೊದಿಕೆ ಬೂದಿ ಬಣ್ಣ. ಕೇಳಿದ್ರೆ ಕೊಳೆ ಕಾಣಲ್ಲ ಅಂತೀರಿ. ಕೊಳೆ ಕಾಣಲ್ಲ ಸರಿ, ನಾನೂ ಕಾಣಲ್ಲ. ಹೊಸ ಚಾವಣಿ ಹಾಕ್ಸಿ. ಕೆಂಪು ಬಣ್ಣದ್ದು. ಒಂದು ಹನಿ ಬೀಳಬಾರದು. ಆವತ್ತು ಬರ್ತೀನಿ.”

“ಕೆಂಪು ಅಂದ್ರೆ... ಯಾವ ಥರದ ಕೆಂಪು?”

“ಕೆಂಪು” ಎಂದು ಹೇಳಿ ಅವಳು ಗಾಡಿಯ ಹಿಂದೆ ಹೊರಟಳು.

ಅವಳ ಅಣ್ಣ, ಅಂದರೆ ಗುಮಾಸ್ತರ ಭಾವ, ಕಾಂಕ್ರೀಟಿನ ಮನೆ ಕಟ್ಟಿಸಿದವರು. ಆ ಮನೆ ಸೋರುವುದಿಲ್ಲ ಎಂಬುದೊಂದನ್ನು ಬಿಟ್ಟು ಅವರು ಬೇರೆ ವಿಷಯಕ್ಕೆ ಹೆಚ್ಚಾಗಿ ಬಾಯಿ ಹಾಕುತ್ತಿರಲಿಲ್ಲ. ಗುಮಾಸ್ತರು ದಿನಾ ಸಂಜೆ ಅಲ್ಲಿಗೆ ಹೋಗಿ, ಕೆಲಸ ಕೇಳಲು ಬಂದವರಂತೆ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ಹೆಂಡತಿ ಚಹಾ ತರುತ್ತಿದ್ದಳು.

“ಚಾವಣಿ?”

“ನೋಡ್ತಾ ಇದ್ದೀನಿ.”

ಅವಳು ಅರ್ಧ ಲೋಟ ಇರುವಾಗಲೇ ಎತ್ತಿಕೊಂಡು ಹೋಗುತ್ತಿದ್ದಳು.

ಹದಿನೈದು ದಿನ ಅರ್ಧ ಲೋಟ ಕುಡಿದ ಮೇಲೆ ಗುಮಾಸ್ತರು ತಗಡಿನ ಮೇಸ್ತ್ರಿಯ ಅಂಗಡಿಗೆ ಹೋದರು. ತಗಡು ಮಾರುವವನೂ ಅವನೇ, ಹೊದಿಸುವವನೂ ಅವನೇ.

“ಕಡಲಗಾಳಿಗೆ ಯಾವ ತಗಡು ಒಳ್ಳೇದು ಮೇಸ್ತ್ರಿ?”

“ಬರೀ ಸತುವಿನ ಲೇಪ ಇರೋದು ಒಂದಿದೆ, ಬೂದು. ಲೇಪದ ಮೇಲೆ ಬಣ್ಣ ಕೂರಿಸಿದ್ದು ಮೂರಿದೆ, ಕೆಂಪು, ನೀಲಿ, ಹಸಿರು. ಬಣ್ಣದ್ದು ಹಾಕಿ, ತಡ್ಕೊಳತ್ತೆ. ಸ್ಕ್ರೂನ ತಗಡಿನ ಏಣಿನ ಮೇಲೆ, ಉಬ್ಬಿರೋ ಕಡೆ ಹಾಕ್ಬೇಕು, ತಗ್ಗಿಗೆ ಹಾಕಿದ್ರೆ ನೀರು ಅಲ್ಲೇ ನಿಲ್ಲತ್ತೆ. ರಬ್ಬರ್ ಬಿಲ್ಲೆ ಇರೋ ಸ್ಕ್ರೂನೇ ಆಗ್ಬೇಕು. ಗಾಳಿ ಬರೋ ಕಡೆಗೆ ಬೆನ್ನು ಮಾಡಿ ಒಂದರ ಮೇಲೊಂದು ಹೊದಿಸ್ಬೇಕು. ಇಷ್ಟೇ ವಿದ್ಯೆ. ಯಾವತ್ತು ಬರ್ಲಿ?”

“ತಡ್ಕೊಳತ್ತೆ ಅನ್ನೋದಕ್ಕೆ ಏನು ಖಾತ್ರಿ?”

ಮೇಸ್ತ್ರಿಗೆ ಗುಮಾಸ್ತರು ಹೊಸಬರಲ್ಲ. ಒಂದು ಬಾಗಿಲ ಚಿಲಕ ಕೊಳ್ಳಲು ನಾಲ್ಕು ಸಲ ಬಂದಿದ್ದವರು. ಅವನು ಕತ್ತರಿ ತೆಗೆದು, ನಾಲ್ಕು ಬಗೆಯ ತಗಡಿನಿಂದಲೂ ಸ್ಲೇಟಿನಷ್ಟಗಲದ ತುಂಡು ಕತ್ತರಿಸಿ ಕೈಗಿಟ್ಟ. “ಗಾಳಿಗೆ ತೂಗು ಹಾಕಿ. ನಿಮಗೇ ಗೊತ್ತಾಗತ್ತೆ.”

ಅದು ಗಿರಾಕಿಯನ್ನು ಸಾಗಹಾಕುವ ಮಾತು. ಆದರೆ ಲೋಕದಲ್ಲಿ ಸಾಗಹಾಕುವ ಮಾತನ್ನು ಶಾಸ್ತ್ರದಂತೆ ಪಾಲಿಸುವ ಜನ ಇರುತ್ತಾರೆ. ಗುಮಾಸ್ತರು ಚಾವಣಿಯ ಮೇಲೆ ಎತ್ತರದ ಗಳವೊಂದನ್ನು ನಿಲ್ಲಿಸಿ, ತುದಿಗೆ ರಾಟೆ ಕಟ್ಟಿ, ಹಗ್ಗ ಇಳಿಬಿಟ್ಟರು. ದಿನಕ್ಕೊಂದು ತುಂಡು ಮೇಲೇರಬೇಕು, ಸಂಜೆ ಕೆಳಗಿಳಿಯಬೇಕು, ತುಕ್ಕು ಬಂದಿದೆಯೇ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಯಾವ ದಿನ ಯಾವುದು? ಅದಕ್ಕೂ ಅವರು ನ್ಯಾಯವಾದ ಒಂದು ಏರ್ಪಾಡು ಮಾಡಿಕೊಂಡರು. ಬೆಳಗಿನ ರೇಡಿಯೋದಲ್ಲಿ ಹವಾಮಾನ ಕೇಳುವುದು. ಜೋರು ಗಾಳಿ, ಅಲೆಗಳ ಅಬ್ಬರ ಎಂದು ಹೇಳಿದರೆ ಕೆಂಪು. ಏಕೆಂದರೆ ಹೆಂಡತಿಗೆ ಬೇಕಾದದ್ದು ಕೆಂಪು. ಅದು ಕೈಕೊಟ್ಟರೆ ಸಂಸಾರವೇ ಕೈಕೊಟ್ಟಂತೆ. ಅದಕ್ಕೇ ಎಲ್ಲಕ್ಕಿಂತ ಕಠಿಣ ಪರೀಕ್ಷೆ. ಗಾಳಿಯಿಲ್ಲದೆ ಸುಡುಬಿಸಿಲು ಎಂದರೆ ನೀಲಿ. ಎಲ್ಲ ಹದವಾಗಿದೆ ಎಂದರೆ ಹಸಿರು. ರೇಡಿಯೋದವರು ಏನು ಹೇಳಿದರೆಂದು ತಿಳಿಯದ ದಿನ ಬೂದು.

ಈ ಏರ್ಪಾಡಿನಲ್ಲಿ ಒಂದೇ ಒಂದು ಸಣ್ಣ ವಿಷಯ ಅವರ ಗಮನಕ್ಕೆ ಬರಲಿಲ್ಲ. ದಿಬ್ಬದ ನೆತ್ತಿಯ ಮೇಲೆ, ಅಷ್ಟೆತ್ತರದ ಗಳದ ತುದಿಯಲ್ಲಿ ತೂಗಿದ ಬಣ್ಣ ಕಡಲಿನ ಯಾವ ಮೂಲೆಯಿಂದ ನೋಡಿದರೂ ಕಾಣುತ್ತಿತ್ತು.

ಬಂದರಿನವರದೂ ಒಂದು ಸಂಕೇತದ ಕಂಬವಿತ್ತು. ಆದರೆ ಎರಡು ವರ್ಷದ ಹಿಂದೆ ಬಿರುಗಾಳಿಯ ಸೂಚನೆಗೆಂದು ಮೇಲೇರಿಸಿದ ಕಪ್ಪು ಚೆಂಡು ಹಗ್ಗ ತುಂಡಾಗಿ ಅಲ್ಲೇ ಉಳಿದುಹೋಗಿತ್ತು. ಹೊಸ ಹಗ್ಗಕ್ಕೆ ಅರ್ಜಿ ಹೋಗಿತ್ತು. ಕಾಗದದ ಪ್ರಕಾರ ಆ ಊರಿನಲ್ಲಿ ಎರಡು ವರ್ಷದಿಂದ ಎಡೆಬಿಡದೆ ಬಿರುಗಾಳಿ ಬೀಸುತ್ತಿತ್ತು. ದೋಣಿಯವರು ಆ ಚೆಂಡನ್ನು ನೋಡುವುದನ್ನೇ ಬಿಟ್ಟಿದ್ದರು.

ಹೊಸ ಸಂಕೇತವನ್ನು ಮೊದಲು ಕಂಡವರು ಲಂಗರು ಮಾಮ. ಎರಡು ದೋಣಿಯ ಒಡೆಯರು. ಹಗಲೆಲ್ಲಾ ಕಟ್ಟೆಯ ಮೇಲೆ ಮಗುಚಿದ ಮೀನಿನ ಪೆಟ್ಟಿಗೆಯ ಮೇಲೆ ಕೂತಲ್ಲೇ ಕೂತಿರುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಬೇರೆ ಕೆಲಸವಿಲ್ಲದ ಕಣ್ಣು ದಿನವೂ ದಿಬ್ಬದ ಮೇಲೆ ಬೀಳುತ್ತಿತ್ತು. ಕೆಂಪು ಏರಿದ ದಿನ ಗಾಳಿ ಎದ್ದಿತು. ಇನ್ನೊಂದು ಕೆಂಪು, ಇನ್ನೊಂದು ಗಾಳಿ. ಮೂರನೆಯ ಕೆಂಪಿಗೆ ಲಂಗರು ಮಾಮ ತಮ್ಮ ದೋಣಿಗಳನ್ನು ತಡೆದರು. ಅವರ ಮಾತು ಕೇಳದೆ ಹೋದ ದೋಣಿಯೊಂದು ಮಧ್ಯಾಹ್ನ ಬಲೆ ಹರಿದುಕೊಂಡು, ಹಾಯಿಪಟ ಕಳೆದುಕೊಂಡು, ಅಡ್ಡಡ್ಡ ತೇಲುತ್ತ ಬಂತು. ಅಲ್ಲಿಗೆ ಯಾರಿಗೂ ಸಂಶಯ ಉಳಿಯಲಿಲ್ಲ. ಹಸಿರು ಇದ್ದರೆ ಕಡಲಿಗೆ ಹೋಗು, ಕೆಂಪು ಇದ್ದರೆ ಮನೆಯಲ್ಲಿರು. ನೀಲಿ ಏರಿದರೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬೂದು ಇದ್ದ ದಿನ ಜನ ಒಬ್ಬರ ಮುಖ ಒಬ್ಬರು ನೋಡುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಯಾರೂ ಇದನ್ನು ಗುಮಾಸ್ತರ ಮುಂದೆ ಎತ್ತಲಿಲ್ಲ. ಅಷ್ಟು ದೊಡ್ಡ ಉಪಕಾರವನ್ನು ಬಾಯಿಬಿಟ್ಟು ಹೇಳದೆ ಮಾಡುತ್ತಿರುವವರು ಅದು ಬೇರೆಯವರ ಬಾಯಿಗೆ ಬರುವುದನ್ನು ಇಷ್ಟಪಡಲಾರರು ಎಂದು ಊರು ತಾನೇ ತೀರ್ಮಾನಿಸಿಕೊಂಡಿತ್ತು. ದಾರಿಯಲ್ಲಿ ಸಿಕ್ಕರೆ ಎದ್ದು ನಿಲ್ಲುತ್ತಿದ್ದರು, ಅಷ್ಟೇ. ಗುಮಾಸ್ತರು ಅದನ್ನು ತಮ್ಮ ವಯಸ್ಸಿಗೆ ಸಂದ ಗೌರವವೆಂದುಕೊಂಡರು.

ದೋಣಿ ಹೊರಡದ ದಿನ ಮಂಜುಗಡ್ಡೆ ಕೊಳ್ಳುವವರಿಲ್ಲ. ಕಾರ್ಖಾನೆಯ ಮ್ಯಾನೇಜರು ಗುಮಾಸ್ತರನ್ನು ಕೋಣೆಗೆ ಕರೆಸಿದರು.

“ನಿನ್ನೆ ಮಾಡಿದ ಗಡ್ಡೆ ಎಲ್ಲಾ ಕರಗಿ ಚರಂಡಿ ಸೇರ್ತು ಕಣ್ರೀ. ದಿಬ್ಬದ ಮೇಲಿಂದ ಯಾವನೋ ದೋಣಿಯವರಿಗೆ ಸನ್ನೆ ಕೊಡ್ತಿದಾನಂತೆ. ಅವನು ಬೇಡ ಅಂದ್ರೆ ಒಬ್ಬನೂ ಕಡಲಿಗೆ ಕಾಲಿಡಲ್ಲ. ಯಾರವನು ಅಂತ ನೀವು ಪತ್ತೆ ಮಾಡ್ಬೇಕು.”

“ನಮ್ಮ ದಿಬ್ಬದ ಮೇಲೇನಾ ಸಾರ್?” ಗುಮಾಸ್ತರಿಗೆ ನಿಜವಾಗಿಯೂ ಬೇಸರವಾಯಿತು. ಎಂಥೆಂಥ ಜನ ಅಕ್ಕಪಕ್ಕದಲ್ಲಿದ್ದಾರೆ!

“ಹೂಂ. ನೀವು ಅಲ್ಲೇ ಇರೋರು. ಯಾರ ಮೇಲಾದ್ರೂ ಅನುಮಾನ ಇದೆಯಾ?”

ಗುಮಾಸ್ತರು ತಲೆ ಕೆರೆದುಕೊಂಡರು. “ಪಕ್ಕದ ಮನೆ ಅಜ್ಜಿ ಇದಾರೆ ಸಾರ್. ಬಟ್ಟೆ ಒಣಗ್ಸ್ತಾರೆ. ಒಂದೊಂದು ದಿನ ಒಂದೊಂದು ಬಣ್ಣ.”

“ಒಂದು ಕಣ್ಣಿಟ್ಟಿರಿ.”

ಗುಮಾಸ್ತರು ಕಣ್ಣಿಟ್ಟರು. ಬೇಲಿಯಾಚೆಯಿಂದ ಮೂರು ದಿನ ನೋಡಿ, ನಾಲ್ಕನೆಯ ದಿನ ಮಾತಿಗೆಳೆದರು.

“ಅಜ್ಜಿ, ಯಾವ ದಿನ ಬಟ್ಟೆ ಒಗೀಬೇಕು ಅಂತ ನಿಮಗೆ ಯಾರು ಹೇಳ್ತಾರೆ?”

ಅಜ್ಜಿ ಹಿಂಡುತ್ತಿದ್ದ ಬಟ್ಟೆ ಬಿಟ್ಟು ಅವರನ್ನು ಮೇಲಿಂದ ಕೆಳಗೆ ನೋಡಿತು. “ಗೊತ್ತಿಲ್ದೋರ ಥರ ಕೇಳ್ತೀಯಲ್ಲಪ್ಪಾ, ದೊಡ್ಡ ಮನಸ್ಸು ನಿಂದು.”

ಇವರಿಗೆ ಅರ್ಥವಾಗಲಿಲ್ಲ. ಅಜ್ಜಿಗೆ ವಯಸ್ಸಾಯಿತು, ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ ಎಂದುಕೊಂಡು ಸಂಜೆ ಕಟ್ಟೆಗೆ ಹೋದರು. ಲಂಗರು ಮಾಮ ಇವರನ್ನು ಕಂಡು ಪೆಟ್ಟಿಗೆಯಿಂದ ಎದ್ದು ನಿಂತರು. ಅವರು ಎದ್ದು ನಿಂತದ್ದನ್ನು ನೋಡಿ ಕಟ್ಟೆಯ ಮೇಲಿದ್ದ ಇಪ್ಪತ್ತು ಜನವೂ ಎದ್ದರು.

“ಮಾಮ, ನಿಮಗೆಲ್ಲಾ ಸನ್ನೆ ಕೊಡ್ತಿರೋರು ಯಾರು?”

“ನಾವು ಬಾಯಿ ಬಿಡಲ್ಲ ಸಾರ್.”

“ಬಿಡ್ಬೇಕು. ಮ್ಯಾನೇಜರು ಕೇಳ್ತಿದಾರೆ.”

“ಮ್ಯಾನೇಜರು ಕೇಳ್ಲಿ, ಬಂದರಿನ ಸಾಹೇಬ್ರೇ ಬಂದು ಕೇಳ್ಲಿ. ಆ ಪುಣ್ಯಾತ್ಮರಿಂದ ನಮ್ಮ ಜನ ಜೀವ ಉಳಿಸ್ಕೊಂಡಿದಾರೆ. ಹೋದ ತಿಂಗಳು ಎಂಥಾ ಗಾಳಿ ಬಂತು! ನೀವೇ ನೋಡಿದ್ರಲ್ಲ?”

“ನೋಡದೆ ಏನು, ನನ್ನ ಕೊಡೆ ಹಾರ್ಕೊಂಡು ಹೋಯ್ತು.”

“ಅವರ ಕೊಡೆಯೂ ಹಾರಿ ಹೋಯ್ತಂತೆ ಸಾರ್” ಎಂದು ಲಂಗರು ಮಾಮ ಒಂದು ಕಣ್ಣು ಮುಚ್ಚಿದರು. ಹಿಂದಿದ್ದವರು ನಗು ತಡೆದುಕೊಂಡರು.

“ಅವರಿಗೂ ಹಾಗೇ ಆಯ್ತಾ? ಪಾಪ” ಎಂದರು ಗುಮಾಸ್ತರು.

ಮರುದಿನ ಅಚ್ಚುಕಟ್ಟಾದ ಅಕ್ಷರದಲ್ಲಿ ವರದಿ ಸಿದ್ಧವಾಯಿತು. ‘ಸನ್ನೆ ಕೊಡುವಾತ ದಿಬ್ಬದ ನಿವಾಸಿ. ಇತ್ತೀಚೆಗೆ ಒಂದು ಕೊಡೆ ಕಳೆದುಕೊಂಡಿದ್ದಾನೆ. ಊರವರಲ್ಲಿ ಗೌರವವಿದೆ. ತಕ್ಕ ಕ್ರಮ ಕೈಗೊಳ್ಳುವುದು ಒಳಿತು.’ ಮ್ಯಾನೇಜರು ಅದಕ್ಕೆ ಸಹಿ ಹಾಕಿ ಬಂದರು ಅಧಿಕಾರಿಗೆ ಕಳಿಸಿದರು.

ಇಷ್ಟರಲ್ಲಿ ಮಳೆಗಾಲ ಹತ್ತಿರವಾಗಿತ್ತು. ಗುಮಾಸ್ತರ ಪುಸ್ತಕ ತುಂಬಿತ್ತು. ಏಳು ತಿಂಗಳ ಗಾಳಿಗೆ ಬೂದು ತುಂಡಿನ ಅಂಚೆಲ್ಲ ಕೆಂಪಗೆ ತುಕ್ಕು ಹಿಡಿದಿತ್ತು. ಕೆಂಪು ತುಂಡಿಗೆ ಎಳ್ಳಷ್ಟೂ ಏನೂ ಆಗಿರಲಿಲ್ಲ. ಅವರು ಸಂಜೆ ಭಾವನ ಮನೆಯ ಬೆಂಚಿನ ಮೇಲೆ ಕೂತು, ಗಂಟಲು ಸರಿಪಡಿಸಿಕೊಂಡರು.

“ಕೆಂಪೇ ಹಾಕ್ಸ್ತೀನಿ. ನಾಳೆ ಮೇಸ್ತ್ರಿ ಬಂದು ಹಳೇದನ್ನ ಬಿಚ್ತಾನೆ.”

ಹೆಂಡತಿ ಆವತ್ತು ಲೋಟವನ್ನು ತೆಗೆದುಕೊಂಡು ಹೋಗಲಿಲ್ಲ. ಗುಮಾಸ್ತರು ತಳದ ಸಕ್ಕರೆಯವರೆಗೆ ಕುಡಿದರು.

“ಕಾಂಕ್ರೀಟಾದ್ರೆ ಈ ತಾಪತ್ರಯ ಇರಲ್ಲ” ಎಂದರು ಭಾವ.

ಮರುದಿನ ಮೇಸ್ತ್ರಿ ಹಳೆಯ ತಗಡನ್ನು ಬಿಚ್ಚಿ ಹಾಕಿದ. ಮನೆಗೆ ತೊಲೆ, ಪಟ್ಟಿ, ಅದರ ಮೇಲೆ ಆಕಾಶ, ಇಷ್ಟೇ ಉಳಿಯಿತು. ಗಳವನ್ನು ಮಾತ್ರ ಗುಮಾಸ್ತರು ಅಂಗಳದಲ್ಲಿ ನೆಡಿಸಿ, ಕೊನೆಯ ದಿನದ ಪರೀಕ್ಷೆಗೆಂದು ಹಸಿರನ್ನು ಏರಿಸಿದ್ದರು. ಹೊಸ ಕೆಂಪು ತಗಡು ಇನ್ನೇನು ಗಾಡಿಯಲ್ಲಿ ಬರಬೇಕು, ಅಷ್ಟರಲ್ಲಿ ಬಂದರು ಕಚೇರಿಯ ಜವಾನ ಗಳದ ಗುರುತು ಹಿಡಿದು ಬಂದು ಒಂದು ಚೀಟಿ ಕೊಟ್ಟ. ಕೂಡಲೇ ಬಂದು ಕಾಣತಕ್ಕದ್ದು.

ಬಂದರು ಕಚೇರಿಯದೂ ತಗಡಿನ ಚಾವಣಿಯೇ. ಅದರ ಒಂದು ತೂತಿನಿಂದ ಬಿಸಿಲಿನ ಬಿಲ್ಲೆಯೊಂದು ಅಧಿಕಾರಿಯ ಮೇಜಿನ ಮೇಲೆ ಬೀಳುತ್ತಿತ್ತು. ಅದು ಕಡತದ ಮೇಲಿದ್ದರೆ ಹತ್ತು ಗಂಟೆ, ಶಾಯಿ ಡಬ್ಬಿ ಮುಟ್ಟಿದರೆ ಊಟದ ಹೊತ್ತು. ಗುಮಾಸ್ತರು ಹೋದಾಗ ಅದು ಡಬ್ಬಿಯ ಹತ್ತಿರ ಹತ್ತಿರ ಇತ್ತು. ಆದ್ದರಿಂದ ಅಧಿಕಾರಿಗೆ ಸಮಯವಿರಲಿಲ್ಲ.

“ಗಳದ ಮೇಲೆ ಬಣ್ಣ ಏರಿಸೋರು ನೀವೇನಾ?”

“ಹೌದು ಸಾರ್.” ತಮ್ಮ ಪರೀಕ್ಷೆಯ ಸುದ್ದಿ ಸರ್ಕಾರದವರೆಗೂ ಬಂದಿದೆಯೆಂದು ಗುಮಾಸ್ತರ ಮುಖ ಅರಳಿತು. ಪುಸ್ತಕವನ್ನೂ ತಂದಿದ್ದರು.

“ಕೆಂಪು ಅಂದ್ರೆ ಏನು?”

“ಕೆಂಪು ಅಂದ್ರೆ ಸಾರ್, ಕೆಳಗೆ ಸತು, ಅದರ ಮೇಲೆ ಒಂದು ಪದರ, ಅದರ ಮೇಲೆ ಬಣ್ಣ.”

“ಹಸಿರು?”

“ಹಸಿರೂ ಅದೇ ಸಾರ್.”

ಅಧಿಕಾರಿ ಕನ್ನಡಕ ತೆಗೆದರು. “ಕೆಂಪಿಗೂ ಹಸಿರಿಗೂ ವ್ಯತ್ಯಾಸ ಇಲ್ಲ ಅಂತೀರಾ?”

“ಏನೇನೂ ಇಲ್ಲ ಸಾರ್. ಕಣ್ಣಿಗೆ ಬೇರೆ, ಅಷ್ಟೇ. ಯಾರಿಗೆ ಯಾವುದು ಇಷ್ಟವೋ ಅದು.”

“ಇದನ್ನ ನಂಬಿ ನಲವತ್ತು ದೋಣಿ ಕಡಲಿಗೆ ಹೋಗತ್ತೇರೀ!”

ಅಧಿಕಾರಿ ಮೇಜು ಗುದ್ದಿದ್ದಕ್ಕೆ ಬಿಸಿಲಿನ ಬಿಲ್ಲೆ ಸರಿಯಾಗಿ ಅವರ ಮುಷ್ಟಿಯ ಮೇಲೆ ಬಂತು. ಗುಮಾಸ್ತರು ಅದನ್ನೇ ನೋಡುತ್ತ ಕೂತರು. ನಲವತ್ತು ದೋಣಿ. ಎದ್ದು ನಿಲ್ಲುವ ಜನ. ಅಜ್ಜಿಯ ಬಟ್ಟೆ. ಎರಡು ಕೊಡೆ. ಅಲ್ಲ, ಒಂದೇ ಕೊಡೆ. ಅಷ್ಟು ಶ್ರದ್ಧೆಯಿಂದ ಹುಡುಕಿದ ಮನುಷ್ಯ ಕೊನೆಗೂ ಸಿಕ್ಕಿದ್ದ.

“ಯಾವ ಉಪಕರಣ ಇಟ್ಕೊಂಡು ಗಾಳಿ ಗೊತ್ತು ಮಾಡ್ತಿದ್ರಿ?”

“ರೇಡಿಯೋ ಸಾರ್. ನೀವು ಅದರಲ್ಲಿ ಹೇಳಿಸ್ತೀರಲ್ಲ, ಅದೇ.”

ಅಧಿಕಾರಿ ಕನ್ನಡಕ ಮತ್ತೆ ಹಾಕಿಕೊಂಡರು. ತಮ್ಮದೇ ಮುನ್ಸೂಚನೆಯನ್ನು ಊರು ನಂಬಲು ಅದು ಒಂದು ತಗಡಿನ ತುಂಡಾಗಿ ಗಳ ಏರಬೇಕಾಯಿತೆಂಬ ವಿಷಯ ಅವರಿಗೆ ಹಿಡಿಸಿದಂತೆ ಕಾಣಲಿಲ್ಲ. ಆಮೇಲೆ ಆಜ್ಞೆ ಬರೆದರು. ಗಳ ಇಳಿಸುವುದು. ನಾಲ್ಕು ತುಂಡುಗಳನ್ನೂ ಕಚೇರಿಗೆ ಒಪ್ಪಿಸುವುದು. ಇನ್ನು ಮುಂದೆ ಕಡಲಿನಿಂದ ಕಾಣುವಂತೆ ಆ ಮನೆಯ ಮೇಲೆ ಕೆಂಪು, ನೀಲಿ, ಹಸಿರು ಯಾವ ಬಣ್ಣವೂ ಇರಕೂಡದು.

“ಸಾರ್, ನನ್ನ ಚಾವಣಿ...”

“ಬೂದು ಹಾಕ್ಸಿ” ಎಂದು ಅಧಿಕಾರಿ ಊಟಕ್ಕೆ ಎದ್ದರು.

ಗುಮಾಸ್ತರು ದಿಬ್ಬ ಹತ್ತುವಷ್ಟರಲ್ಲಿ ಅಂಗಳದಲ್ಲಿ ಜಾತ್ರೆಯಂತೆ ಜನ. ಗಾಡಿಯ ಮೇಲೆ ಕೆಂಪು ತಗಡು ಬಂದು ನಿಂತಿತ್ತು. ಅದರ ಸುತ್ತ ಊರೇ ನಿಂತಿತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತು.

“ಇದೇನು ಸಾರ್ ಅನ್ಯಾಯ!” ಲಂಗರು ಮಾಮ ಮುಂದೆ ಬಂದರು. “ಇಡೀ ಚಾವಣಿ ಕೆಂಪು ಮಾಡಿದ್ರೆ ನಾವು ಇನ್ನು ಯಾವತ್ತೂ ಕಡಲಿಗೆ ಹೋಗೋ ಹಾಗೇ ಇಲ್ಲ!”

“ಹಸಿರು ಹಾಕ್ರೀ” ಎಂದು ಮ್ಯಾನೇಜರು ಹಿಂದಿನಿಂದ ಕೂಗಿದರು. ಅವರು ತಮ್ಮ ಗುಮಾಸ್ತರೇ ಆ ಮನುಷ್ಯ ಎಂದು ತಿಳಿದು ಬೈಯಲು ಬಂದಿದ್ದರು; ಆದರೆ ಅಷ್ಟು ದೊಡ್ಡ ಚಾವಣಿ ಕಂಡು ಮನಸ್ಸು ಬದಲಾಯಿಸಿದ್ದರು. “ಹಸಿರು ಹಾಕಿದ್ರೆ ವರ್ಷಪೂರ್ತಿ ಗಡ್ಡೆ ಹೋಗತ್ತೆ.”

“ವರ್ಷಪೂರ್ತಿ ಹಸಿರು ಇದ್ರೆ ನಾವು ವಾಪಸ್ಸೇ ಬರಲ್ಲ ಸ್ವಾಮಿ, ಅಲ್ಲೇ ಮುಳುಗ್ತೀವಿ!”

“ನೀಲಿ ಹಾಕಪ್ಪಾ, ಒಳ್ಳೇ ಬಣ್ಣ” ಎಂದಿತು ಅಜ್ಜಿ. “ಯಾರಿಗೂ ತೊಂದರೆಯಿಲ್ಲ.”

ಗುಮಾಸ್ತರು ಆಜ್ಞೆಯನ್ನು ಓದಿ ಹೇಳಿದರು. ಬೂದು ಒಂದೇ ದಾರಿ ಎಂದರು. ಆಮೇಲೆ ಲಂಗರು ಮಾಮ ನೊಂದ ದನಿಯಲ್ಲಿ, “ಬೂದು ಅಂದ್ರೆ ಏನೂ ಅರ್ಥ ಆಗದ ದಿನ. ಜೀವನಪೂರ್ತಿ ಅರ್ಥ ಆಗದೆ ಹೇಗೆ ಬಾಳೋದು ಸಾರ್?” ಎಂದರು.

ಗುಮಾಸ್ತರ ಕಣ್ಣಿದ್ದದ್ದು ಜನರ ಹಿಂದೆ, ಬೇಲಿಯ ಪಕ್ಕದಲ್ಲಿ. ಹೆಂಡತಿ ಬಂದು ನಿಂತಿದ್ದಳು. ಗಾಡಿಯ ಮೇಲಿನ ಕೆಂಪು ತಗಡನ್ನು ಬೆರಳಿನಿಂದ ಒಮ್ಮೆ ಸವರಿದಳು. ಗಂಡನ ಕೈಲಿದ್ದ ಸರ್ಕಾರದ ಕಾಗದವನ್ನು ನೋಡಿದಳು. ಬೂದು ಎಂಬ ಮಾತು ಅವಳ ಕಿವಿಗೂ ಬಿದ್ದಿತ್ತು. ಅಣ್ಣನ ಮನೆಯ ಕಡೆ ತಿರುಗಿ ಹೊರಟುಬಿಟ್ಟಳು. ಹೊಸ ಮಳೆಗಾಲದಲ್ಲಿ ಅರ್ಧ ಲೋಟವೂ ಸಿಗುವುದಿಲ್ಲವೆಂದು ಗುಮಾಸ್ತರಿಗೆ ಸ್ಪಷ್ಟವಾಗಿ ತಿಳಿಯಿತು.

ಭಾವ ಇಷ್ಟು ಹೊತ್ತೂ ಕೈಕಟ್ಟಿ ನಿಂತು ನೋಡುತ್ತಿದ್ದವರು, ಮೂಗು ಮುರಿದು ನಕ್ಕರು. “ಅವಳಿಗೆ ಕೆಂಪು ಬೇಕು, ಸರ್ಕಾರಕ್ಕೆ ಕೆಂಪು ಕಾಣಬಾರದು. ಒಂದು ಕೆಲಸ ಮಾಡು, ಮಗುಚಿ ಹಾಕ್ಸು! ಕೆಂಪು ಒಳಗಿರ್ಲಿ, ಬೆನ್ನು ಮೇಲಿರ್ಲಿ!”

ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಗುಮಾಸ್ತರು ನಗಲಿಲ್ಲ. ಗಾಡಿಯ ಬಳಿ ಹೋಗಿ ಒಂದು ತಗಡನ್ನು ಎತ್ತಿ ಹಿಂಬದಿ ನೋಡಿದರು. ಬೂದು. ಕೊಳೆ ಕಾಣದ ಬೂದು. ಪುಸ್ತಕ ತೆರೆಯಲಿಲ್ಲ. ನಾಳೆ ನೋಡೋಣ ಎನ್ನಲಿಲ್ಲ.

“ಮೇಸ್ತ್ರಿ, ಮಗುಚಿ ಹಾಕು.”

ಅವರ ಬದುಕಿನಲ್ಲಿ ನಿಂತ ನಿಲುವಿನಲ್ಲಿ ಆದ ಮೊದಲ ತೀರ್ಮಾನ ಅದು. ಮೇಸ್ತ್ರಿಯ ಕೈಯಿಂದ ಸ್ಕ್ರೂ ಡಬ್ಬಿ ಕೆಳಗೆ ಬಿತ್ತು.

“ಹುಚ್ಚಾ ನಿಮಗೆ? ಬೆನ್ನಿಗೆ ಬಣ್ಣ ತೆಳು, ಉಪ್ಪುಗಾಳಿಗೆ ಅರ್ಧ ಕಾಲವೂ ಬರಲ್ಲ. ಒಂದರ ಮೇಲೊಂದು ಕೂರೋ ಅಂಚೂ ತಿರುಗುಮುರುಗು ಆಗತ್ತೆ. ನನ್ನ ಕಸುಬಿನ ಮರ್ಯಾದೆ ಏನಾಗ್ಬೇಕು?”

“ಅಂಚು ಕೂರಲ್ವಾ?”

“ಕೂರಲ್ಲ ಅಂತಲ್ಲ. ಇನ್ನೂ ಒಂದು ಏಣು ಜಾಸ್ತಿ ಹೊದಿಸಿ, ಸಂದಿಗೆಲ್ಲಾ ಅಂಟುಪಟ್ಟಿ ಕೊಟ್ರೆ...” ಮೇಸ್ತ್ರಿ ಮೋಡ ನೋಡಿದ, ಗುಮಾಸ್ತರ ಮುಖ ನೋಡಿದ. ಏಳು ತಿಂಗಳಲ್ಲಿ ಮೊದಲ ಸಲ ಈ ಗಿರಾಕಿ ಯೋಚಿಸದೆ ‘ಹಾಕು’ ಎಂದಿದ್ದಾರೆ. ಈಗ ಬಿಟ್ಟರೆ ಇನ್ನು ಯಾವಾಗಲೋ. ಅವನು ಏಣಿ ಹತ್ತಿದ.

ಎರಡು ದಿನದಲ್ಲಿ ಕೆಲಸ ಮುಗಿಯಿತು. ಏಣಿನ ಮೇಲೆ ಸ್ಕ್ರೂ, ಸ್ಕ್ರೂವಿಗೆ ರಬ್ಬರ್ ಬಿಲ್ಲೆ, ಗಾಳಿಗೆ ಬೆನ್ನು ಮಾಡಿದ ಹೊದಿಕೆ, ಎಲ್ಲ ಶಾಸ್ತ್ರೋಕ್ತ, ತಲೆಕೆಳಗು ಎಂಬುದೊಂದನ್ನು ಬಿಟ್ಟು. ಅಧಿಕಾರಿ ದೋಣಿಯಲ್ಲಿ ಕೂತು ಕಡಲಿನಿಂದ ನೋಡಿ, ತೃಪ್ತಿಯಿಂದ ಹಿಂತಿರುಗಿದರು. ಗುಮಾಸ್ತರು ಭಾವನ ಮನೆಗೆ ಹೋಗಿ, ಬೆಂಚಿನ ಮೇಲೆ ಕೂರದೆ, ಬಾಗಿಲಲ್ಲೇ ನಿಂತು, “ಆಯ್ತು. ಬಂದು ನೋಡು” ಎಂದರು.

“ಬೂದು ನೋಡೋದೇನಿದೆ?” ಎಂದಳು ಹೆಂಡತಿ ಒಳಗಿನಿಂದ.

“ಹೊರಗಿಂದ ನೋಡ್ಬೇಡ.”

“ಮಳೆ ಬರ್ಲಿ. ಹನಿ ಬೀಳ್ದೇ ಇದ್ರೆ ನೋಡೋಣ.”

ಮಾರನೆಯ ಬೆಳಗ್ಗೆ ಮಳೆ ಬಂತು. ಮೊದಲ ಮಳೆಯೆಂಬ ಸಂಕೋಚವಿಲ್ಲದೆ, ಆಕಾಶದ ತಳ ಕಳಚಿ ಬಿದ್ದಂತೆ ಸುರಿಯಿತು. ಗುಮಾಸ್ತರು ಪಡಸಾಲೆಯ ನಡುವೆ ನಿಂತು ಮೇಲೆ ನೋಡಿದರು. ಹನ್ನೊಂದು ಜಾಗಕ್ಕೂ ಹೋಗಿ ಕೈಚಾಚಿದರು. ಒಂದು ಹನಿ ಇಲ್ಲ. ಉದ್ದಕ್ಕೂ ಕೆಂಪು. ಹೆಂಡತಿಯನ್ನು ಕರೆತರಲು ಬಾಗಿಲು ತೆರೆದರು. ಬಾಗಿಲಲ್ಲಿ ಲಂಗರು ಮಾಮ ನಿಂತಿದ್ದರು. ಹಿಂದೆ ಇಪ್ಪತ್ತು ಕೊಡೆ.

“ನೀವು ಮಗುಚಿ ಹಾಕು ಅಂದಾಗಲೇ ಅರ್ಥ ಆಯ್ತು ಸಾರ್” ಎಂದರು ಮಾಮ ದನಿ ತಗ್ಗಿಸಿ. “ಸರ್ಕಾರ ಹೊರಗೆ ತೋರಿಸ್ಬಾರ್ದು ಅಂತು, ನೀವು ಒಳಗೆ ಹಾಕ್ಕೊಂಡ್ರಿ. ನಮ್ಮನ್ನ ಕೈಬಿಡಲ್ಲ ಅಂತ ನಮಗೆ ಗೊತ್ತಿತ್ತು.”

ಗುಮಾಸ್ತರು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಎಲ್ಲರೂ ಒಳಗಿದ್ದರು. ತಲೆಯೆತ್ತಿ ನೋಡಿದರು.

“ಕೆಂಪು” ಎಂದರು ಲಂಗರು ಮಾಮ.

“ಕೆಂಪು” ಎಂದರು ಎಲ್ಲರೂ.

ಕೆಂಪು ಇದ್ದಾಗ ಹೊರಗೆ ಹೋಗುವಂತಿಲ್ಲ. ಅವರು ನೆಲದ ಮೇಲೆ ಕೂತರು. ಕೊಡೆಯಿಂದ, ಅಂಗಿಯಿಂದ, ತಲೆಗೂದಲಿನಿಂದ ನೀರು ಇಳಿದು ಹರಿಯಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಒಗೆಯದ ಬಟ್ಟೆಯ ಗಂಟಿನೊಂದಿಗೆ ಬಂದು ಮೇಲೆ ನೋಡಿ, ನಿಟ್ಟುಸಿರುಬಿಟ್ಟು, ಒಂದು ಮೂಲೆ ಹಿಡಿಯಿತು. ಮ್ಯಾನೇಜರು ಬಂದು ಸ್ವಂತ ಕಣ್ಣಿಂದ ನೋಡಿ ತಲೆಯ ಮೇಲೆ ಕೈಹೊತ್ತು ಕೂತರು. ಜನ ಸೇರಿದ್ದಾರೆಂದು ದೂರು ಹೋಗಿ ಅಧಿಕಾರಿಯೂ ಬಂದರು. ಆಜ್ಞೆಯನ್ನು ಎರಡು ಸಲ ಓದಿದರು. ಒಳಗಿನಿಂದ ಕಾಣುವ ಬಣ್ಣದ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಮಳೆ ಇನ್ನೂ ಜೋರಾಯಿತು. ಅವರಿಗೆ ಯಾರೋ ಜಾಗ ಬಿಟ್ಟುಕೊಟ್ಟರು. ಕೊನೆಗೆ ಭಾವ ತಮ್ಮ ಮನೆಯವರನ್ನೂ ಕರೆದುಕೊಂಡು ಬಂದರು. ತಮ್ಮ ಮಾತಿನಿಂದ ಆದದ್ದನ್ನು ನೋಡಿ, “ಹೇಳ್ದೋನು ನಾನು” ಎಂದು ಎಲ್ಲರಿಗೂ ಹೇಳಿ, ನಡುವೆ ಕೂತರು.

ಹೆಂಡತಿ ಬಂದಾಗ ಹೊಸ್ತಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಪಡಸಾಲೆಯಲ್ಲಿ ಪಾದ ಮುಳುಗುವಷ್ಟು ನೀರು. ಅವಳು ಕೊಡೆ ಹಿಡಿದು ಬಾಗಿಲಲ್ಲೇ ನಿಂತು ಕತ್ತೆತ್ತಿದಳು. ಗೋಡೆಯಿಂದ ಗೋಡೆಗೆ ಕೆಂಪು. ಅವಳು ನೋಡುತ್ತಲೇ ಇದ್ದಳು. ಗುಮಾಸ್ತರು ಜನರ ನಡುವೆ ದಾರಿ ಮಾಡಿಕೊಂಡು ಬಂದು, ತಪ್ಪು ಮಾಡಿದವರಂತೆ ಎದುರು ನಿಂತರು.

“ಮೇಲಿಂದ ಒಂದು ಹನಿ ಬಿದ್ದಿಲ್ಲ ಕಣೇ. ಇದೆಲ್ಲಾ ಬಾಗಿಲಿಂದ ಬಂದ ನೀರು.”

“ಕಾಣ್ತಿದೆ.”

“ಬಣ್ಣ?”

“ಚೆನ್ನಾಗಿದೆ.” ಅವಳು ಇನ್ನೂ ಮೇಲೆಯೇ ನೋಡುತ್ತಿದ್ದಳು. “ಯಂತ್ರ ನಾಳೆ ತರಿಸ್ತೀನಿ, ಇವರೆಲ್ಲಾ ಎದ್ದ ಮೇಲೆ. ಅಣ್ಣನ ಮನೆ ಈಗ ಖಾಲಿ ಇದೆ. ಅತ್ತಿಗೆಯೂ ಅಗೋ ಅಲ್ಲೇ ಕೂತಿದಾರೆ. ಚಹಾಕ್ಕೆ ನೀರಿಟ್ಟು ಬಂದಿದೀನಿ. ಬನ್ನಿ.”

ಗುಮಾಸ್ತರು ಚಪ್ಪಲಿ ಹುಡುಕಿದರು. ಎರಡೂ ಸಿಗಲಿಲ್ಲ. ಬರಿಗಾಲಲ್ಲೇ ಹೊಸ್ತಿಲು ದಾಟಿದರು.

“ಸಾರ್! ಅಮ್ಮಾ!” ಲಂಗರು ಮಾಮ ಗಾಬರಿಯಿಂದ ಅರ್ಧ ಎದ್ದರು. “ಕೆಂಪು ಇದೆಯಲ್ಲಾ, ಹೊರಗೆ ಹೋಗ್ತಿದೀರಾ?”

“ಅದು ದೋಣಿಯೋರಿಗೆ” ಎಂದಳು ಹೆಂಡತಿ, ಕೊಡೆಯನ್ನು ಗಂಡನ ತಲೆಯ ಮೇಲಕ್ಕೂ ಎಳೆಯುತ್ತ. “ನಾವು ನಡ್ಕೊಂಡು ಹೋಗ್ತಿರೋದು.”